ರಾತ್ರಿ ಒಂದು ಗಂಟೆಗೆ ಯಾರಿಗೆ ಫೋನ್ ಮಾಡುವುದು?

ಮಾದಕ ದ್ರವ್ಯದ ವಿರುದ್ಧ ನಮ್ಮ ಕಡೆ ಈಗ ಕಾರ್ಯಕ್ರಮಗಳಿಗೆ ಬರ ಇಲ್ಲ. ತಲಪಾಡಿಯಿಂದ ಕುಂಬಳೆಯವರೆಗೆ ಒಮ್ಮೆ ಬೈಕಿನಲ್ಲಿ ಹೋಗಿ ನೋಡಿ. ಕ್ಲಬ್ಬುಗಳ ಫ್ಲೆಕ್ಸ್, ಮದ್ರಸ ಮಕ್ಕಳ ರ‍್ಯಾಲಿ, ಶಾಲೆಯಲ್ಲಿ ಪ್ರತಿಜ್ಞೆ, ಜುಮಾ ನಂತರ ಭಾಷಣ. ಇನ್ನೊಂದು ಬದಿಯಲ್ಲಿ ಪೊಲೀಸರು. ಕೇರಳ ಪೊಲೀಸರು 2025ರ ಫೆಬ್ರವರಿಯಲ್ಲಿ ‘ಆಪರೇಷನ್ ಡಿ-ಹಂಟ್’ ಶುರು ಮಾಡಿದ ಮೇಲೆ ಎಂಡಿಎಂಎ ಹಿಡಿದ ಸುದ್ದಿ ಇಲ್ಲದ ದಿನವೇ ಕಡಿಮೆ. ಇದೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ, ಬೇಕು. ಆದರೆ ಮೊದಲನೆಯದು ಚಟ ಶುರುವಾಗುವ ಮುಂಚಿನ ಮಾತು, ಎರಡನೆಯದು ಸಿಕ್ಕಿಬಿದ್ದ ಮೇಲಿನ ಮಾತು. ನಡುವೆ ಮನೆಯೊಳಗೆ ನಡೆಯುವ ಒಂದು ರಾತ್ರಿ ಉಂಟು. ಆ ರಾತ್ರಿಗೆ ನಮ್ಮಲ್ಲಿ ಯಾವ ವ್ಯವಸ್ಥೆಯೂ ಇಲ್ಲ.

ಆ ರಾತ್ರಿ ಹೇಗಿರುತ್ತದೆ ಎಂದು ಗೊತ್ತಿರುವ ಮನೆಗಳು ಈ ಲೇಖನ ಓದುವವರಲ್ಲೂ ಇವೆ. ಇಪ್ಪತ್ತೆರಡು ವರ್ಷದ ಹುಡುಗ ಮೂರು ದಿನದಿಂದ ಮಲಗಿಲ್ಲ. ಮಾಳಿಗೆಯಲ್ಲಿ ಯಾರೋ ಇದ್ದಾರೆ, ಫೋನಿನಲ್ಲಿ ಯಾರೋ ತನ್ನ ಮಾತು ಕೇಳುತ್ತಿದ್ದಾರೆ ಅಂತಾನೆ. ಟಿವಿ ಒಡೆದಾಗಿದೆ. ಬಾಪ ಶಾರ್ಜಾದಲ್ಲಿ. ಉಮ್ಮ ಮತ್ತು ತಂಗಿ ಒಳಗಿನ ಕೋಣೆಗೆ ಚಿಲಕ ಹಾಕಿ ಕೂತಿದ್ದಾರೆ. ಅಡುಗೆ ಕೋಣೆಯಲ್ಲಿ ಕತ್ತಿ ಉಂಟು. ಕೈಯಲ್ಲಿ ಫೋನೂ ಉಂಟು. ಯಾರಿಗೆ ಮಾಡುವುದು?

ನನ್ನದು ಸಣ್ಣ ಪಾತ್ರೆ ಅಂಗಡಿ. ವಾರಕ್ಕೊಮ್ಮೆ ನಮ್ಮೂರಿನ ಪಾಲಿಯೇಟಿವ್ ಘಟಕದವರೊಂದಿಗೆ ಮನೆ ಭೇಟಿಗೆ ಹೋಗುತ್ತೇನೆ. ಹಾಸಿಗೆ ಹಿಡಿದ ಅಜ್ಜನನ್ನು ನೋಡಲು ಹೋದಲ್ಲಿ, ಹೊರಡುವಾಗ ಮನೆಯ ಹೆಂಗಸರು ಮೆಲ್ಲ ಗೇಟಿನ ತನಕ ಬಂದು ಈ ಪ್ರಶ್ನೆ ಕೇಳಿದ್ದುಂಟು. ಅಜ್ಜನ ಕಾಯಿಲೆಗೆ ನಾವು ಐದು ಮಂದಿ ಬರುತ್ತೇವೆ, ಮೊಮ್ಮಗನ ಕಾಯಿಲೆಗೆ ಒಬ್ಬನೂ ಇಲ್ಲ ಎಂಬುದು ಅವರಿಗೆ ಚೆನ್ನಾಗಿ ಕಾಣುತ್ತದೆ.

ಈಗ ಜನ ಮಾಡುತ್ತಿರುವುದು ಏನೆಂದು ನೋಡುವ.

ಮೊದಲನೆಯದು ಪೊಲೀಸ್. ಫೋನ್ ಮಾಡಿದರೆ ಮಗನ ಮೇಲೆ ಎನ್‌ಡಿಪಿಎಸ್ ಬೀಳುತ್ತದೆ, ಪಾಸ್‌ಪೋರ್ಟ್ ಹೋಗುತ್ತದೆ, ಗಲ್ಫ್ ಕನಸು ಮುಗಿಯುತ್ತದೆ ಎಂಬ ಭಯ. ಈ ಭಯದಿಂದಲೇ ಎಷ್ಟೋ ತಾಯಂದಿರು ಬೆಳಗಿನವರೆಗೆ ಪೆಟ್ಟು ತಿಂದು ಸುಮ್ಮನಿರುತ್ತಾರೆ. ಭಯ ಪೂರ್ತಿ ಸುಳ್ಳಲ್ಲ. ಎಂಡಿಎಂಎ ವಿಷಯದಲ್ಲಿ ಕಾನೂನಿನ ‘ಸಣ್ಣ ಪ್ರಮಾಣ’ ಎಂದರೆ ಬರೇ ಅರ್ಧ ಗ್ರಾಂ. ಹತ್ತು ಗ್ರಾಂ ಆಯಿತೆಂದರೆ ‘ವಾಣಿಜ್ಯ ಪ್ರಮಾಣ’, ಶಿಕ್ಷೆ ಹತ್ತು ವರ್ಷದಿಂದ ಇಪ್ಪತ್ತು ವರ್ಷ. ಗಾಂಜಾಕ್ಕೆ ಆ ಲೆಕ್ಕ ಒಂದು ಕಿಲೋ ಮತ್ತು ಇಪ್ಪತ್ತು ಕಿಲೋ. ‘ಸ್ವಲ್ಪವೇ ಇತ್ತಲ್ಲ ಸಾರ್’ ಎನ್ನುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಬಾಗಿಲು ಉಂಟು. ಅದನ್ನು ನಮಗೆ ಯಾರೂ ಹೇಳುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಅರ್ಧದಲ್ಲಿ ಬಿಟ್ಟು ಓಡಿದರೆ ವಿನಾಯಿತಿ ಹಿಂದೆ ಹೋಗಬಹುದು. ಮಾರಾಟ ಮಾಡಿದವನಿಗೆ ಇದು ಅನ್ವಯಿಸುವುದಿಲ್ಲ.

ಇನ್ನೊಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮಾನಸಿಕ ಕಾಯಿಲೆ ಎಂದರೆ ಏನು ಎಂದು ವಿವರಿಸುವಲ್ಲೇ ಮದ್ಯ ಮತ್ತು ಮಾದಕ ದ್ರವ್ಯದ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಅದು ಸೇರಿಸಿದೆ. ಅಂದರೆ ಮಾಳಿಗೆಯಲ್ಲಿ ಯಾರೋ ಇದ್ದಾರೆ ಎನ್ನುವ ಆ ಹುಡುಗ ಆ ಹೊತ್ತಿಗೆ ಕಾನೂನಿನ ಕಣ್ಣಲ್ಲಿ ರೋಗಿಯೂ ಹೌದು. 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ತರುವಂತೆ ಕಾಣುವ ವ್ಯಕ್ತಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಹತ್ತಿರದ ಸಾರ್ವಜನಿಕ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡಬಾರದು. 94ನೇ ಸೆಕ್ಷನ್, ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯ 72 ಗಂಟೆಗಳವರೆಗೆ ಚಿಕಿತ್ಸೆ ಕೊಡಬಹುದು ಎನ್ನುತ್ತದೆ. ಮನೋರೋಗ ತಜ್ಞರೇ ಬೇಕೆಂದಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸು ಹಾಕುವ ಹಳೆಯ ಪದ್ಧತಿಯನ್ನು 115ನೇ ಸೆಕ್ಷನ್ ಬಹುಮಟ್ಟಿಗೆ ನಿಲ್ಲಿಸಿತು. ‘ಕೇಸಾಗ್ತದೆ, ಆಸ್ಪತ್ರೆಗೆ ಬೇಡ’ ಎಂದು ಇಂದಿಗೂ ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. ಅವರಿಗೆ ಇದನ್ನು ಹೇಳಬೇಕಾದವರು ಯಾರು?

ಎರಡನೆಯದು ಕುಟುಂಬದವರು. ಮಾವ, ಚಿಕ್ಕಪ್ಪ, ಪಕ್ಕದ ಮನೆಯ ನಾಲ್ಕು ಗಟ್ಟಿ ಆಳುಗಳು. ಬಂದು ಹಿಡಿದು, ಎರಡು ಬಾರಿಸಿ, ಕೈಕಾಲು ಕಟ್ಟಿ ಕೋಣೆಗೆ ಹಾಕಿ ಹೋಗುತ್ತಾರೆ. ಉದ್ದೇಶ ಕೆಟ್ಟದ್ದಲ್ಲ. ಆದರೆ ಎಂಡಿಎಂಎ ಅಥವಾ ಅಂಥದ್ದೇ ಉತ್ತೇಜಕ ತೆಗೆದುಕೊಂಡವನ ಮೈ ಮೊದಲೇ ಕಾದಿರುತ್ತದೆ, ಎದೆ ಬಡಿತ ಏರಿರುತ್ತದೆ. ಅವನನ್ನು ಕವುಚಿ ಹಾಕಿ ಬೆನ್ನ ಮೇಲೆ ಕೂತರೆ ಉಸಿರೇ ನಿಲ್ಲಬಹುದು. ಕುಡಿತದ ವಿಷಯ ಬೇರೆ. ದಿನಾ ವಿಪರೀತ ಕುಡಿಯುವವನನ್ನು ‘ಕುಡಿಯದ ಹಾಗೆ ಮಾಡ್ತೇವೆ’ ಎಂದು ಏಕಾಏಕಿ ಕೋಣೆಗೆ ಹಾಕಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ನಡುಕ, ಜ್ವರ, ಇಲ್ಲದ್ದು ಕಾಣುವ ಸನ್ನಿ ಬರಬಹುದು. ಇದರಿಂದ ಪ್ರಾಣ ಹೋಗುತ್ತದೆ. ಕುಡಿತ ನಿಲ್ಲಿಸುವುದೇ ಅಪಾಯ ಆಗುವ ಸಂದರ್ಭ ಉಂಟು, ಅದಕ್ಕೆ ಆಸ್ಪತ್ರೆಯ ಮದ್ದು ಬೇಕು ಎಂಬುದು ನಮ್ಮ ಊರುಗಳಲ್ಲಿ ಅರ್ಧ ಜನಕ್ಕೂ ತಿಳಿದಿಲ್ಲ. ಕುಡಿಯುವವರೇ ಇಲ್ಲ ಎಂದು ನಾವು ಹೇಳಿಕೊಳ್ಳುವ ಸಮುದಾಯವಾದ್ದರಿಂದ ತಿಳಿಯುವ ಸಂದರ್ಭವೂ ಬಂದಿಲ್ಲ.

ಕಟ್ಟಿಹಾಕುವ ವಿಷಯ ಬಂದಾಗ ಏರ್ವಾಡಿಯನ್ನು ನೆನಪಿಸಬೇಕು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ದರ್ಗಾದ ಊರಿನಲ್ಲಿ, ಒಂದು ಖಾಸಗಿ ಮಾನಸಿಕ ಕೇಂದ್ರಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸಂಕೋಲೆಯಲ್ಲಿದ್ದವರು ಓಡಲಾಗದೆ ಸುಟ್ಟು ಹೋದರು. ಸತ್ತವರು 28 ಮಂದಿ. ಇಂದು ಮಾನಸಿಕ ರೋಗಿಯನ್ನು ಸಂಕೋಲೆಯಲ್ಲಿ ಇಡುವುದನ್ನು 2017ರ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ.

ಮೂರನೆಯದು ಉಸ್ತಾದರು. ಇದನ್ನು ಹಾಸ್ಯ ಮಾಡುವವರ ಸಾಲಿಗೆ ನಾನು ಸೇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೂ ಎದ್ದು ಬರುವವರು ಬೇರೆ ಯಾರಿದ್ದಾರೆ? ಅವರ ದನಿಗೆ ಹುಡುಗ ಸ್ವಲ್ಪ ತಣ್ಣಗಾಗುವುದೂ ಉಂಟು. ಆದರೆ ಫಿಟ್ಸ್ ಮತ್ತು ಶೈತಾನನ ಕಾಟದ ನಡುವಿನ ವ್ಯತ್ಯಾಸ ಹೇಳುವ ತರಬೇತಿ ಅವರಿಗೆ ಯಾರೂ ಕೊಟ್ಟಿಲ್ಲ. ಕೊಟ್ಟರೆ ಇಡೀ ಮಹಲ್ಲಿನಲ್ಲಿ ಅತಿ ಉಪಯುಕ್ತ ವ್ಯಕ್ತಿ ಅವರೇ ಆಗುತ್ತಾರೆ.

ಇನ್ನು ಸಹಾಯವಾಣಿ. ಕೇಂದ್ರ ಸರಕಾರದ ಟೆಲಿ-ಮಾನಸ್ 14416, ಶುರುವಾದದ್ದು 2022ರ ಅಕ್ಟೋಬರ್ 10ಕ್ಕೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಭಾಷೆ ಆರಿಸಿಕೊಳ್ಳಬಹುದು. ವ್ಯಸನಮುಕ್ತಿಗೆ 14446. ಮಾರಾಟಗಾರರ ಮಾಹಿತಿ ಕೊಡಲು 1933. ಈ ಕೊನೆಯ ಎರಡನ್ನು ಅದಲುಬದಲು ಮಾಡಬೇಡಿ. ಒಂದು ಚಿಕಿತ್ಸೆಯ ದಾರಿ ತೋರಿಸುವುದು, ಇನ್ನೊಂದು ನಾರ್ಕೋಟಿಕ್ಸ್ ಬ್ಯೂರೋದ್ದು. ಮೂರೂ ನಂಬರು ಫೋನಿನಲ್ಲಿ ಇರಲಿ. ಆದರೆ ಫೋನಿನ ಆ ಬದಿಯವರು ಎಷ್ಟು ಒಳ್ಳೆಯವರಾದರೂ ಚಿಲಕ ಹಾಕಿದ ಬಾಗಿಲ ಹೊರಗೆ ಬಂದು ನಿಲ್ಲಲಾರರು.

ಬಂದು ನಿಲ್ಲುವವರು ಬೇಕು ಎಂದು ಯೋಚಿಸಿದ ಊರುಗಳು ಲೋಕದಲ್ಲಿ ಉಂಟು. ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಎಂಬ ನಗರದಲ್ಲಿ 1989ರಲ್ಲಿ ಒಂದು ಚಾರಿಟಿ ಕ್ಲಿನಿಕ್ ‘ಕಾಹೂಟ್ಸ್’ ಎಂಬ ಸೇವೆ ಶುರು ಮಾಡಿತು. ಒಂದು ವ್ಯಾನು, ಅದರಲ್ಲಿ ಇಬ್ಬರು: ಒಬ್ಬರು ನರ್ಸ್ ಅಥವಾ ಪ್ರಥಮ ಚಿಕಿತ್ಸೆ ಬಲ್ಲವರು, ಇನ್ನೊಬ್ಬರು ಸಂಕಷ್ಟದಲ್ಲಿರುವವರೊಡನೆ ಮಾತಾಡಲು ತರಬೇತಾದವರು. ಕೈಯಲ್ಲಿ ಆಯುಧ ಇಲ್ಲ, ಮೈಮೇಲೆ ಸಮವಸ್ತ್ರ ಇಲ್ಲ. ಪೊಲೀಸ್ ನಂಬರಿಗೆ ಬಂದ ಕರೆಗಳಲ್ಲಿ ಮಾನಸಿಕ ಸಂಕಷ್ಟದ್ದು, ನಶೆಯದ್ದು ಇವರಿಗೆ ಹೋಗುತ್ತಿತ್ತು. ಹೋದಲ್ಲಿ ಇವರು ತುರ್ತಾಗಿ ಪೊಲೀಸರ ಸಹಾಯ ಕೇಳಿದ್ದು ನೂರಕ್ಕೆ ಎರಡಕ್ಕಿಂತಲೂ ಕಡಿಮೆ ಸಲ. ಮೂವತ್ತೈದು ವರ್ಷ ನಡೆದ ಈ ಸೇವೆ 2025ರ ಏಪ್ರಿಲಿನಲ್ಲಿ ಯೂಜೀನಿನಲ್ಲಿ ನಿಂತಿತು. ಕೆಲಸ ಕೆಟ್ಟದಾಗಿತ್ತು ಎಂದಲ್ಲ, ನಡೆಸುತ್ತಿದ್ದ ಸಂಸ್ಥೆಗೆ ಹಣದ ಮುಗ್ಗಟ್ಟು. ಕೆನಡಾದ ಟೊರಾಂಟೊ 2022ರಲ್ಲಿ ಇದೇ ಬಗೆಯ ತಂಡಗಳನ್ನು ನಗರಸಭೆಯ ಹಣದಿಂದ ಶುರು ಮಾಡಿತು. ವ್ಯಾಪಾರಿಯ ಕಣ್ಣಿಗೆ ಇದರಲ್ಲಿ ಕಾಣುವ ಪಾಠ ಸರಳ: ದಾನದ ಮೇಲೆ ಪೂರ್ತಿ ನಿಂತದ್ದು ಒಂದು ದಿನ ಕುಸಿಯುತ್ತದೆ, ಸ್ಥಳೀಯ ಆಡಳಿತದ ಬಜೆಟ್ಟಿನಲ್ಲಿ ಒಂದು ಸಾಲು ಬೇಕು.

ಅಮೆರಿಕ ದೂರ ಆಯಿತು ಎನ್ನುವವರಿಗೆ ಮಲಪ್ಪುರಂ ಹತ್ತಿರ ಉಂಟಲ್ಲ. ಕ್ಯಾನ್ಸರ್ ರೋಗಿಗಳ ನೋವು ಡಾಕ್ಟರರ ಕೆಲಸ ಮಾತ್ರ, ನಮಗೆ ಅದರಲ್ಲಿ ಏನು ಎಂದು ಇದೇ ಕೇರಳದಲ್ಲಿ ಎಲ್ಲರೂ ಕೈಕಟ್ಟಿ ಕೂತಿದ್ದ ಕಾಲ ಇತ್ತು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಪಾಲಿಯೇಟಿವ್ ಜಾಲ ಬೆಳೆಯಿತು. ಆಟೋ ಡ್ರೈವರ್, ಮೀನು ವ್ಯಾಪಾರಿ, ಗೃಹಿಣಿ, ಮೇಷ್ಟ್ರು ಎಲ್ಲರಿಗೂ ಕೆಲವು ಗಂಟೆಗಳ ತರಬೇತಿ. ಗಾಯ ತೊಳೆಯುವುದು, ಕೂತು ಕೇಳುವುದು, ಯಾವಾಗ ನರ್ಸಿಗೆ ಹೇಳಬೇಕು, ಯಾವಾಗ ಡಾಕ್ಟರಿಗೆ ಎಂದು ತಿಳಿಯುವುದು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ನೀತಿಯನ್ನೇ ತಂದಿತು, ಪಂಚಾಯತುಗಳು ಮನೆಗೆ ಹೋಗುವ ನರ್ಸಿಗೆ ಹಣ ಇಡಲು ಶುರು ಮಾಡಿದವು. ಮಂಜೇಶ್ವರದ ಮೂಲೆಯ ಮನೆಗೂ ಇಂದು ನರ್ಸ್ ಬರುವುದು ಅದರಿಂದ.

ಮಾನಸಿಕ ಆರೋಗ್ಯದಲ್ಲೂ ಅದೇ ದಾರಿ ಹಿಡಿದವರಿದ್ದಾರೆ. ಕೋಝಿಕ್ಕೋಡಿನ ಮೆಂಟಲ್ ಹೆಲ್ತ್ ಆಕ್ಷನ್ ಟ್ರಸ್ಟ್ 2008ರಿಂದ, ಮನೋವೈದ್ಯ ಡಾ. ಮನೋಜ್ ಕುಮಾರ್ ಅವರ ನೇತೃತ್ವದಲ್ಲಿ, ತೀವ್ರ ಮಾನಸಿಕ ಕಾಯಿಲೆ ಇರುವ ಬಡವರಿಗೆ ಉಚಿತ ಚಿಕಿತ್ಸೆ ಕೊಡುತ್ತಿದೆ. ಊರಿನ ಸ್ವಯಂಸೇವಕರೇ ಅದರ ಬೆನ್ನೆಲುಬು. ಪಾಲಿಯೇಟಿವ್ ಗುಂಪುಗಳ ಜೊತೆಗೇ ಅದು ಹಬ್ಬಿದ್ದು. ಆದರೆ ಇದು ಮುಖ್ಯವಾಗಿ ದೀರ್ಘಕಾಲದ ಆರೈಕೆ. ರಾತ್ರಿಯ ತುರ್ತಿಗೆ ಓಡುವ ತಂಡ ಕಟ್ಟುವುದು ಅದರ ಮೇಲಿನ ಮೆಟ್ಟಿಲು, ಅಡಿಪಾಯವಂತೂ ನಮ್ಮ ರಾಜ್ಯದಲ್ಲೇ ಹಾಕಿ ಆಗಿದೆ.

ಹಾಗಾದರೆ ಆ ತಂಡದ ಕೆಲಸ ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಕೌನ್ಸೆಲಿಂಗ್’ ಎಂಬ ಪದ ಕೇಳಿದ ಕೂಡಲೇ ನಮ್ಮವರಿಗೆ ಉಪದೇಶ ನೆನಪಾಗುತ್ತದೆ. ತುರ್ತಿನ ರಾತ್ರಿಯಲ್ಲಿ ಉಪದೇಶಕ್ಕೆ ಜಾಗವೇ ಇಲ್ಲ.

ಇಬ್ಬರು ಹೋಗಬೇಕು, ಒಬ್ಬರಲ್ಲ. ಹೋದ ಕೂಡಲೇ ಒಳನುಗ್ಗುವುದಲ್ಲ, ಅಂಗಳದಲ್ಲಿ ನಿಂತು ನೋಡುವುದು. ಯಾರ ಕೈಯಲ್ಲಿ ಏನಿದೆ, ಮಕ್ಕಳು ಎಲ್ಲಿ, ಹೊರಗೆ ಹೋಗುವ ದಾರಿ ಯಾವುದು. ಸೇರಿದ ಜನರನ್ನು ಮೊದಲು ಕಳಿಸಬೇಕು. ನಮ್ಮ ಊರಿನಲ್ಲಿ ಅತಿ ಕಷ್ಟದ ಕೆಲಸ ಇದೇ, ಬೊಬ್ಬೆ ಕೇಳಿದರೆ ಹತ್ತು ನಿಮಿಷದಲ್ಲಿ ಮೂವತ್ತು ಜನ, ಅದರಲ್ಲಿ ಐವರು ವಿಡಿಯೋ ಮಾಡುವವರು. ಟಿವಿ, ಟಾರ್ಚು ಆಫ್. ಒಬ್ಬರು ಮಾತ್ರ ಮಾತಾಡುವುದು. ಇನ್ನೊಬ್ಬರು ಮನೆಯವರನ್ನು ಹಿಂದಿನ ಬಾಗಿಲಿನಿಂದ ಪಕ್ಕದ ಮನೆಗೆ ದಾಟಿಸುವುದು, ಕತ್ತಿ ಮತ್ತು ತೋಟಕ್ಕೆ ತಂದಿಟ್ಟ ಮದ್ದನ್ನು ಅಲ್ಲಿಂದ ತೆಗೆಯುವುದು.

ಮಾತಾಡುವವರು ಹುಡುಗನ ಹೆಸರು ಹಿಡಿದು, ತನ್ನ ಹೆಸರು ಹೇಳಿ, ಎರಡು ಮೂರು ಮಾರು ದೂರದಲ್ಲಿ, ಬಾಗಿಲಿಗೆ ಅಡ್ಡ ಆಗದ ಹಾಗೆ ಕೂರಬೇಕು. ‘ಮಾಳಿಗೆಯಲ್ಲಿ ಯಾರೂ ಇಲ್ಲ, ನಿನಗೆ ಭ್ರಾಂತು’ ಎಂದು ವಾದಿಸಿದರೆ ನೀವೂ ಅವನ ಶತ್ರುಗಳ ಪಟ್ಟಿಗೆ ಸೇರಿದಿರಿ. ‘ಹೌದು, ಇದ್ದಾರೆ’ ಎಂದು ಹೂಂಗುಟ್ಟಿದರೆ ಅವನ ಹೆದರಿಕೆ ಇಮ್ಮಡಿ. ‘ನನಗೆ ಕಾಣುದಿಲ್ಲ ಮೋನೇ, ಆದರೆ ನಿನಗೆ ಹೆದರಿಕೆ ಆಗ್ತಾ ಉಂಟು ಅಂತ ಗೊತ್ತಾಗ್ತದೆ. ನಾನು ಇಲ್ಲೇ ಕೂರ್ತೇನೆ. ನೀರು ಬೇಕಾ?’ ಇಷ್ಟು ಸಾಕು. ನಂತರ ಸುಮ್ಮನಿರುವುದು. ತರಬೇತಿಯಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಈ ಸುಮ್ಮನಿರುವುದು, ಏಕೆಂದರೆ ನಮಗೆ ಅದು ಬರುವುದಿಲ್ಲ.

ಸಾಯುವ ಮಾತು ಬಂದರೆ ನೇರವಾಗಿ ಕೇಳಬೇಕು: ‘ಸಾಯಬೇಕು ಅಂತ ಅನಿಸ್ತಾ ಉಂಟಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದರೆ ಭಾರ ಇಳಿಯುತ್ತದೆ, ಎಷ್ಟು ಅಪಾಯ ಉಂಟು ಎಂದು ನಮಗೂ ತಿಳಿಯುತ್ತದೆ. ಹೌದು ಎಂದರೆ ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡುವ ಹಾಗಿಲ್ಲ.

ಯಾವಾಗ ಮಾತು ನಿಲ್ಲಿಸಿ 108ಕ್ಕೆ ಫೋನ್ ಮಾಡಬೇಕು ಎಂಬುದನ್ನು ಬಾಯಿಪಾಠ ಮಾಡಿರಬೇಕು. ಮೈ ಬೆಂಕಿಯ ಹಾಗೆ ಬಿಸಿ, ದವಡೆ ಬಿಗಿದಿದೆ, ಫಿಟ್ಸ್ ಬಂತು, ಎದೆನೋವು ಅಂತಾನೆ, ಕರೆದರೆ ಏಳುವುದಿಲ್ಲ, ಉಸಿರು ನಿಧಾನ ಆಗಿ ಗೊರಗೊರ ಸದ್ದು. ಇದರಲ್ಲಿ ಯಾವುದಿದ್ದರೂ ಆಸ್ಪತ್ರೆ. ಪ್ರಜ್ಞೆ ಇಲ್ಲದವನನ್ನು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ನೀರು, ನಿಂಬೆರಸ, ಮೊಸರು ಯಾವುದೂ ಹಾಕಬಾರದು. ಡಾಕ್ಟರಿಗೆ ಏನು ತೆಗೆದುಕೊಂಡಿದ್ದಾನೆ ಎಂದು ಮುಚ್ಚದೆ ಹೇಳಬೇಕು. ಅದೂ ಪೂರ್ತಿ ಗೊತ್ತಿರುವುದಿಲ್ಲ, ಎಂಡಿಎಂಎ ಎಂದು ಕೊಟ್ಟ ಪುಡಿ ಎಂಡಿಎಂಎಯೇ ಎಂದು ಯಾವ ಅಂಗಡಿಯವನೂ ಬಿಲ್ಲು ಕೊಡುವುದಿಲ್ಲ. ಪೊಟ್ಟಣ ಸಿಕ್ಕಿತು ಎಂದು ತಂಡದವರು ಅದನ್ನು ಕಿಸೆಗೆ ಹಾಕಿಕೊಂಡು ಬರಬಾರದು, ಆ ಗಳಿಗೆಯಿಂದ ಅದು ಅವರ ವಶದಲ್ಲಿದ್ದ ಮಾಲು.

ಇನ್ನು ಆಸ್ಪತ್ರೆ ಎಲ್ಲಿ ಎಂಬ ಪ್ರಶ್ನೆ. ಗಡಿಯವರಿಗೆ ಇದು ಹಳೆಯ ಗೋಳು. ಕಾಸರಗೋಡು ಜಿಲ್ಲೆಗೆ ಅಬಕಾರಿ ಇಲಾಖೆಯ ‘ವಿಮುಕ್ತಿ’ ವ್ಯಸನಮುಕ್ತಿ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರದಿಂದ ಅರವತ್ತು ಕಿಲೋಮೀಟರಿಗಿಂತ ಹೆಚ್ಚು. ಮಂಗಳೂರು ಅದರ ಅರ್ಧ ದೂರವೂ ಇಲ್ಲ. ಹಾಗಾಗಿ ಕಾರು ತಾನಾಗಿ ಉತ್ತರಕ್ಕೆ ತಿರುಗುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಆ ದಾರಿ ಎಷ್ಟು ಸಪೂರ ಎಂದು ಎಲ್ಲರಿಗೂ ಗೊತ್ತಾಯಿತು, ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರಿದ್ದಾರೆ. ಮಾನಸಿಕ ಚಿಕಿತ್ಸೆಯಲ್ಲಿ ಎರಡು ರಾಜ್ಯದ ನಡುವೆ ಇನ್ನೊಂದು ತೊಡಕು: ಇಂಥ ಕೇಂದ್ರಗಳು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ರಾತ್ರೋರಾತ್ರಿ ನಾಲ್ವರು ಬೌನ್ಸರ್ ಥರದವರು ಕಾರಲ್ಲಿ ಬಂದು ಹುಡುಗನನ್ನು ಎತ್ತಿಕೊಂಡು ಹೋಗಿ ‘ಮೂರು ತಿಂಗಳು ಫೋನ್ ಮಾಡಬೇಡಿ’ ಎನ್ನುವ ಕೇಂದ್ರಗಳ ಬಗ್ಗೆ ಕೇಳಿರುತ್ತೀರಿ. ನೋಂದಣಿ ಪತ್ರ ಕೇಳಿ. ಒಪ್ಪಿಗೆ ಇಲ್ಲದೆ ದಾಖಲು ಮಾಡಲು ಕಾಯ್ದೆಯ 89ನೇ ಸೆಕ್ಷನಿನಲ್ಲಿ ಕ್ರಮ ಉಂಟು. ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು, ಇಬ್ಬರು ಪರಿಣತರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ಮೀರಬಾರದು. ಇದನ್ನು ಬಾಯಿಬಿಟ್ಟು ಕೇಳುವವರೊಬ್ಬರು ಜೊತೆಗಿದ್ದರೆ ಕುಟುಂಬ ಲಕ್ಷಗಟ್ಟಲೆ ಸಾಲದಿಂದ ಬಚಾವಾಗುತ್ತದೆ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಕಾಞಂಗಾಡು ಕಡೆಯ ಒಂದು ಜಮಾಅತ್, ಮಾದಕ ವ್ಯಸನಿಗಳ ಮದುವೆಗೆ ಸಹಕರಿಸುವುದಿಲ್ಲ, ಅವರ ಸದಸ್ಯತ್ವ ತಡೆಹಿಡಿಯುತ್ತೇವೆ ಎಂದು ತೀರ್ಮಾನಿಸಿದ್ದು ದೊಡ್ಡ ಸುದ್ದಿಯಾಯಿತು. ಬೇರೆ ಕಡೆಗಳಲ್ಲೂ ಅಂಥ ನಿರ್ಣಯಗಳು ಬಂದವು. ಅದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ವ್ಯಸನ ಮುಚ್ಚಿಟ್ಟು ಮದುವೆ ಮಾಡಿ, ಹೆಣ್ಣುಮಗಳ ಬದುಕು ಹಾಳಾದದ್ದನ್ನು ಕಮಿಟಿಯವರು ಕಣ್ಣಾರೆ ಕಂಡಿದ್ದಾರೆ. ಮಾರುವವನ ವಿಷಯದಲ್ಲಿ ಎಷ್ಟು ಕಠಿಣ ಆದರೂ ನನ್ನ ತಕರಾರು ಇಲ್ಲ. ಆದರೆ ಸೇವಿಸುವವನಿಗೂ ಮಾರುವವನಿಗೂ ಒಂದೇ ಶಿಕ್ಷೆ ಇಟ್ಟರೆ, ಸೇವಿಸುವವನ ಮನೆ ಬಾಯಿ ಮುಚ್ಚುತ್ತದೆ. ಅಣ್ಣನ ವಿಷಯ ಹೊರಬಂದರೆ ತಂಗಿಯ ಸಂಬಂಧ ತಪ್ಪುತ್ತದೆ ಎಂದಾದರೆ ಯಾವ ತಾಯಿ ಫೋನ್ ಎತ್ತುತ್ತಾಳೆ ಹೇಳಿ? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನ ಇರುವವರಲ್ಲಿ ನೂರಕ್ಕೆ ಸುಮಾರು 86 ಮಂದಿ ಚಿಕಿತ್ಸೆಯ ಹೊರಗೇ ಇದ್ದರು. ಕುಡಿತವನ್ನು ಒಪ್ಪಿಕೊಳ್ಳುವ ಸಮಾಜಗಳನ್ನೂ ಸೇರಿಸಿದ ಲೆಕ್ಕ ಇದು. ಒಪ್ಪಿಕೊಳ್ಳದ ನಮ್ಮಲ್ಲಿ ಚಿತ್ರ ಇದಕ್ಕಿಂತ ಒಳ್ಳೆಯದಿರಲು ಕಾರಣ ಕಾಣುವುದಿಲ್ಲ.

ಹಾಗಾಗಿ ತುರ್ತು ತಂಡಕ್ಕೂ ಜಮಾಅತಿನ ಶಿಸ್ತು ಕ್ರಮಕ್ಕೂ ನಡುವೆ ಗೋಡೆ ಬೇಕು. ತಂಡದವರು ಆ ಮನೆಯಲ್ಲಿ ಕಂಡದ್ದು ಕಮಿಟಿಯ ಮೇಜಿಗೆ ಬರಬಾರದು, ಅಧ್ಯಕ್ಷರು ಕೇಳಿದರೂ. ಸಣ್ಣ ಊರಿನಲ್ಲಿ ಇದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಒಂದು ಉಪಾಯ ಎಂದರೆ ಒಂದು ಮಹಲ್ಲಿನ ಕರೆಗೆ ಮೂರು ಮಹಲ್ಲು ಆಚೆಯವರು ಹೋಗುವುದು. ಐದಾರು ಜಮಾಅತುಗಳು, ಊರಿನ ಕ್ಲಬ್ಬು, ಪಕ್ಕದ ದೇವಸ್ಥಾನ ಮತ್ತು ಇಗರ್ಜಿಯವರು ಸೇರಿ ಒಂದು ತಂಡ ಆದರೆ ಇನ್ನೂ ಒಳ್ಳೆಯದು. ಮಾದಕ ದ್ರವ್ಯಕ್ಕೆ ಮಹಲ್ಲಿನ ಗಡಿ ಗೊತ್ತಿಲ್ಲ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ. ತಂಡದಲ್ಲಿ ಹೆಂಗಸರು ಇರಲೇಬೇಕು. ಗೇಟಿನ ತನಕ ಬಂದು ಮಾತಾಡುವವರು ಹೆಂಗಸರೇ, ಮತ್ತು ವ್ಯಸನ ಹುಡುಗರದ್ದು ಮಾತ್ರ ಎಂಬ ನಮ್ಮ ನಂಬಿಕೆ ಹಳೆಯದಾಗಿದೆ. ಹೆರಿಗೆಯ ನಂತರ ಮನಸ್ಸು ಕೆಟ್ಟು ಕೂಸನ್ನೂ ನೋಡದ ಮಗಳ ಮನೆಗೂ ಹೋಗಬೇಕಾದ್ದು ಇದೇ ತಂಡ.

ಬಿಕಾಂ ಓದಿದವನಿಗೆ ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. ದಿನಕ್ಕೆ ಇಬ್ಬರಂತೆ ತಿಂಗಳಿಗೆ ಅರವತ್ತು ಪಾಳಿ. ಇಪ್ಪತ್ತು ಮಂದಿ ಇದ್ದರೆ ಒಬ್ಬೊಬ್ಬರಿಗೆ ತಿಂಗಳಿಗೆ ಮೂರು ರಾತ್ರಿ. ಕ್ರಿಕೆಟ್ ಟೂರ್ನಮೆಂಟಿಗೆ ಇದಕ್ಕಿಂತ ಹೆಚ್ಚು ರಾತ್ರಿ ಹೋಗುತ್ತದೆ. ಒಂದು ಸಾಮಾನ್ಯ ಫೋನ್ ನಂಬರು, ಪೆಟ್ರೋಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ವಾಹನ ಪಾಲಿಯೇಟಿವಿನದ್ದು ರಾತ್ರಿ ಖಾಲಿಯೇ ನಿಂತಿರುತ್ತದೆ. ಖರ್ಚು ಬರುವುದು ಎರಡು ಕಡೆ. ಒಂದು, ತರಬೇತಿ ಮತ್ತು ಫೋನಿನಲ್ಲಿ ಸಲಹೆ ಕೊಡುವ ಒಬ್ಬ ಮನೋವೈದ್ಯ ಅಥವಾ ಮನೋನರ್ಸ್, ಇದಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಾಗಿಲು ತಟ್ಟಬೇಕು. ಎರಡು, ಪೂರ್ಣಾವಧಿಯ ಒಬ್ಬರು. ಪೂರ್ತಿ ಸ್ವಯಂಸೇವಕರ ಮೇಲೆ ಇಂಥದ್ದು ನಡೆಯುವುದಿಲ್ಲ. ಮರುದಿನ ಬೆಳಿಗ್ಗೆ ಆ ಮನೆಗೆ ಹೋಗುವವರು, ಒಪಿಗೆ ಜೊತೆ ಹೋಗುವವರು, ಮೂರನೇ ವಾರ ಅವನು ಮತ್ತೆ ಜಾರಿದಾಗ ಬೈಯದೆ ಮತ್ತೆ ಹೋಗುವವರು ಸಂಬಳದ ಮೇಲೆ ಇರಬೇಕು. ಹೋಗಿ ಬಂದ ಸ್ವಯಂಸೇವಕರಿಗೂ ಯಾರಾದರೂ ‘ನಿನಗೆ ಹೇಗುಂಟು?’ ಎಂದು ಕೇಳಬೇಕು. ಒಂದು ಕೆಟ್ಟ ರಾತ್ರಿ ನೋಡಿದ ಹುಡುಗ ಎರಡನೇ ಸಲ ಫೋನ್ ಎತ್ತುವುದಿಲ್ಲ, ಹೀಗೆಯೇ ತಂಡಗಳು ಕರಗುವುದು.

ಪೊಲೀಸರನ್ನು ಹೊರಗಿಟ್ಟು ಇದು ಆಗುವುದಿಲ್ಲ, ಆಗಬಾರದು ಕೂಡ. ಕತ್ತಿ ಹಿಡಿದು ಬೀಸುತ್ತಿರುವವನ ಮುಂದೆ ಸ್ವಯಂಸೇವಕರನ್ನು ನಿಲ್ಲಿಸುವುದು ಧೈರ್ಯ ಅಲ್ಲ, ಅವರ ಮನೆಯವರಿಗೆ ಮಾಡುವ ಅನ್ಯಾಯ. ಠಾಣೆಯ ಎಸ್‌ಐ ಜೊತೆ ಮೊದಲೇ ಕೂತು ಮಾತಾಡಿರಬೇಕು: ಯಾವ ಕರೆಗೆ ನಾವು ಮೊದಲು, ಯಾವುದಕ್ಕೆ ಅವರು, ಅವರು ಬಂದರೂ 100ನೇ ಸೆಕ್ಷನ್ ಪ್ರಕಾರ ಆಸ್ಪತ್ರೆಗೇ ಒಯ್ಯುವುದು. ಬರವಣಿಗೆಯಲ್ಲಿ ಇದ್ದರೆ ಎಸ್‌ಐ ವರ್ಗ ಆದರೂ ಒಪ್ಪಂದ ಉಳಿಯುತ್ತದೆ.

2025ರ ಡಿಸೆಂಬರಿನ ಚುನಾವಣೆಯ ನಂತರ ನಮ್ಮ ಪಂಚಾಯತುಗಳಲ್ಲಿ ಹೊಸಬರು ಬಂದಿದ್ದಾರೆ. ವಾರ್ಷಿಕ ಯೋಜನೆಗೆ ಸಲಹೆಗಳು ಹೋಗುವುದು ವಾರ್ಡಿನ ಗ್ರಾಮಸಭೆಯಿಂದ. ಗ್ರಾಮಸಭೆ ಎಂದರೆ ಕೋರಂ ತುಂಬಿಸಲು ಸಹಿ ಹಾಕಿ ಚಹಾ ಕುಡಿದು ಬರುವ ಜಾಗ ಎಂದು ನಮ್ಮ ಯುವಕರು ತಿಳಿದಿದ್ದಾರೆ. ಪಾಲಿಯೇಟಿವ್ ಯೋಜನೆಯ ಪಕ್ಕದಲ್ಲಿ ‘ಮಾನಸಿಕ ಆರೋಗ್ಯ ಮತ್ತು ವ್ಯಸನ ತುರ್ತು ಸ್ಪಂದನೆ’ ಎಂಬ ಒಂದು ಸಾಲು ಸೇರಿಸಿ ಎಂದು ಹೇಳಲು ಹತ್ತು ಜನ ಕೈ ಎತ್ತಿದರೆ ಅದು ಮಿನಿಟ್ಸಿನಲ್ಲಿ ಬರೆಯಲ್ಪಡುತ್ತದೆ. ಮುಂದಿನ ಸಲ ವಾರ್ಡ್ ಮೆಂಬರರ ವಾಟ್ಸ್‌ಆ್ಯಪ್ ಮೆಸೇಜ್ ಬಂದಾಗ ತಾರೀಕು ನೋಡಿಕೊಳ್ಳಿ. ಅಂದು ಮಧ್ಯಾಹ್ನ ನನ್ನ ಅಂಗಡಿ ಮುಚ್ಚಿರುತ್ತದೆ.